ಕೋರ್ಟಿನಿಂದ ಕಾಗದ ಬಂದಾಗ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ನಾನು ತಿಪಟೂರಿನವಳು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಹದಿನಾಲ್ಕು ವರ್ಷ ಆಯಿತು. ಊರಲ್ಲಿದ್ದಾಗ ಕೋರ್ಟ್ ಎಂದರೆ ಅಪ್ಪ ಜಮೀನಿನ ಕೇಸಿಗಾಗಿ ವಾಯಿದೆಯಿಂದ ವಾಯಿದೆಗೆ ಅಲೆದದ್ದಷ್ಟೇ ನೆನಪು. ಹಾಗಾಗಿ ಇಲ್ಲಿ ಮೊದಲ ಸಲ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕೋರ್ಟಿನ ಲಕೋಟೆ ಬಂದಾಗ, ಬಿಚ್ಚಲು ಧೈರ್ಯ ಸಾಲದೆ ಮೂರು ದಿನ ಫ್ರಿಜ್ ಮೇಲೆ ಇಟ್ಟಿದ್ದೆ. ಈಗ ಹೊಸದಾಗಿ ಬಂದ ಹುಡುಗ ಹುಡುಗಿಯರು ಅಂಥದೇ ಕಾಗದದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ "ಅಕ್ಕಾ, ಇದೇನು?" ಎಂದು ಕೇಳುತ್ತಾರೆ. ನಾನು ವಕೀಲೆ ಅಲ್ಲ. ಅವರಿಗೆ ಏನು ಹೇಳುತ್ತೇನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಗದದ ಮೇಲಿನ ಸಾಲು ಓದಿ. ಅದು ಯಾರ ಕೋರ್ಟು? "ಸುಪೀರಿಯರ್ ಕೋರ್ಟ್ ಆಫ್ ಕ್ಯಾಲಿಫೋರ್ನಿಯಾ" ಎಂದಿದ್ದರೆ ರಾಜ್ಯದ್ದು. "ಯುನೈಟೆಡ್ ಸ್ಟೇಟ್ಸ್ ಡಿಸ್ಟ್ರಿಕ್ಟ್ ಕೋರ್ಟ್" ಎಂದಿದ್ದರೆ ಫೆಡರಲ್, ಅಂದರೆ ಕೇಂದ್ರದ್ದು. ನಮಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಇರುವುದು ಒಂದೇ ಏಣಿ. ತಿಪಟೂರಿನ ಕೋರ್ಟಿನಲ್ಲಿ ಶುರುವಾದ ಕೇಸು ತುಮಕೂರು, ಬೆಂಗಳೂರಿನ ಹೈಕೋರ್ಟ್ ದಾಟಿ ದೆಹಲಿಯ ಸುಪ್ರೀಂ ಕೋರ್ಟಿಗೆ ಹೋಗಬಹುದು. ಕಾನೂನು ರಾಜ್ಯದ್ದಾಗಲಿ ಕೇಂದ್ರದ್ದಾಗಲಿ, ಅದೇ ಕೋರ್ಟುಗಳೇ ನೋಡುತ್ತವೆ. ಅಮೆರಿಕದಲ್ಲಿ ಪಕ್ಕಪಕ್ಕದಲ್ಲಿ ಬೇರೆ ಬೇರೆ ಏಣಿಗಳಿವೆ. ಫೆಡರಲ್ ಏಣಿಯಲ್ಲಿ 94 ಡಿಸ್ಟ್ರಿಕ್ಟ್ ಕೋರ್ಟು, ಅದರ ಮೇಲೆ 13 ಅಪೀಲು ಕೋರ್ಟು, ತುದಿಯಲ್ಲಿ 9 ನ್ಯಾಯಾಧೀಶರ ಸುಪ್ರೀಂ ಕೋರ್ಟ್. ಇದಲ್ಲದೆ ಪ್ರತಿ ರಾಜ್ಯಕ್ಕೂ ತನ್ನದೇ ಏಣಿ ಇದೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ, ಒಂದೊಂದರಲ್ಲೂ ಒಂದು ಸುಪೀರಿಯರ್ ಕೋರ್ಟ್. ರಾಜ್ಯದ ಕಾನೂನಿನ ಅರ್ಥ ಏನು ಎಂಬುದಕ್ಕೆ ಆ ರಾಜ್ಯದ ಅತಿ ದೊಡ್ಡ ಕೋರ್ಟಿನ ಮಾತೇ ಕೊನೆ. ಹೆಸರು ನೋಡಿ ಮೋಸಹೋಗಬೇಡಿ: ನ್ಯೂಯಾರ್ಕಿನಲ್ಲಿ "ಸುಪ್ರೀಂ ಕೋರ್ಟ್" ಎಂದರೆ ಕೇಸು ಶುರುವಾಗುವ ಕೆಳಗಿನ ಕೋರ್ಟು!

ಬಾಡಿಗೆ, ಡೈವೋರ್ಸ್, ಕಾರಿನ ಡಿಕ್ಕಿ, ಟ್ರಾಫಿಕ್ ಟಿಕೆಟ್, ಕಳ್ಳತನ, ಉಯಿಲು, ಹೀಗೆ ದಿನನಿತ್ಯದ ಬದುಕು ಹೆಚ್ಚುಕಮ್ಮಿ ಪೂರ್ತಿ ರಾಜ್ಯದ ಕೈಯಲ್ಲಿದೆ. ವೀಸಾ, ದಿವಾಳಿ, ಪೇಟೆಂಟ್ ಫೆಡರಲ್. ಆದ್ದರಿಂದ ಡಲ್ಲಾಸ್‌ನಲ್ಲಿರುವ ಭಾವ ಹೇಳಿದ ಸಲಹೆ ಫ್ರೀಮಾಂಟ್‌ನಲ್ಲಿ ನಡೆಯದೇ ಇರಬಹುದು. ಮನೆಯ ಡಿಪಾಸಿಟ್ ವಾಪಸ್ ಕೊಡಲು ಓನರ್‌ಗೆ ಟೆಕ್ಸಾಸ್‌ನಲ್ಲಿ 30 ದಿನ, ಕ್ಯಾಲಿಫೋರ್ನಿಯಾದಲ್ಲಿ 21 ದಿನ, ನ್ಯೂಯಾರ್ಕಿನಲ್ಲಿ 14 ದಿನ. ಎರಡು ಕಾನೂನು ಒಂದರ ಮೇಲೊಂದು ಬೀಳುವುದೂ ಉಂಟು. ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಜನರೇ ಮತ ಹಾಕಿ ದೊಡ್ಡವರಿಗೆ ಗಾಂಜಾವನ್ನು ಕಾನೂನುಬದ್ಧ ಮಾಡಿದರು. ಅಂಗಡಿಯಲ್ಲೇ ಮಾರುತ್ತಾರೆ. ಆದರೆ ಫೆಡರಲ್ ಕಾನೂನು ಅದನ್ನು ಒಪ್ಪಿಲ್ಲ. ವೀಸಾ ಕೊಡುವುದು ಫೆಡರಲ್ ಸರ್ಕಾರ. "ಇಲ್ಲಿ ಲೀಗಲ್ ಅಲ್ವಾ ಅಕ್ಕಾ" ಎನ್ನುವ ಎಚ್‌1ಬಿ (ಕೆಲಸದ ವೀಸಾ) ಹುಡುಗರಿಗೆ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಆಮೇಲೆ ಯಾರ ವಿರುದ್ಧ ಯಾರು ಎಂದು ನೋಡಿ. "ಪೀಪಲ್ ಆಫ್ ದಿ ಸ್ಟೇಟ್ ಆಫ್ ಕ್ಯಾಲಿಫೋರ್ನಿಯಾ" ಒಂದು ಕಡೆ, ನಿಮ್ಮ ಹೆಸರು ಇನ್ನೊಂದು ಕಡೆ ಇದ್ದರೆ ಸಾಮಾನ್ಯವಾಗಿ ಅದು ಕ್ರಿಮಿನಲ್. ಆಗ ಈ ಲೇಖನ ಬಿಟ್ಟು ವಕೀಲರಿಗೆ ಫೋನ್ ಮಾಡಿ. ಜೈಲು ಆಗಬಹುದಾದ ಕೇಸಿನಲ್ಲಿ ದುಡ್ಡಿಲ್ಲದವರಿಗೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ಅದು ಬಂದ ಕತೆ ನನಗೆ ತುಂಬಾ ಇಷ್ಟ. ಫ್ಲೋರಿಡಾದ ಕ್ಲಾರೆನ್ಸ್ ಗಿಡಿಯನ್ ಎಂಬ ಬಡವ ವಕೀಲರಿಲ್ಲದೆ ತಾನೇ ವಾದ ಮಾಡಿ ಜೈಲಿಗೆ ಹೋದ. ಅಲ್ಲಿಂದಲೇ ಪೆನ್ಸಿಲ್‌ನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ಕೋರ್ಟು ಅವನ ಮಾತು ಒಪ್ಪಿತು. ಮತ್ತೆ ವಿಚಾರಣೆ ನಡೆದಾಗ, ಈ ಸಲ ವಕೀಲರಿದ್ದರು, ಅವನು ಬಿಡುಗಡೆಯಾದ. ಆದರೆ ಈ ಹಕ್ಕು ಇಮಿಗ್ರೇಶನ್ ಕೋರ್ಟಿಗೆ ಇಲ್ಲ. ಅಲ್ಲಿ ವಕೀಲರನ್ನು ನೀವೇ ನೋಡಿಕೊಳ್ಳಬೇಕು. ಇನ್ನೊಂದು ವಿಷಯ. ಚಿಕ್ಕ ಕೇಸು, ಸುಮ್ನೆ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಮುಗಿಸೋಣ ಅನ್ನಿಸಬಹುದು. ವೀಸಾದಲ್ಲಿರುವವರಿಗೆ ಆ ಒಪ್ಪಿಗೆಯೇ ಮುಂದೆ ಗಡೀಪಾರಿಗೆ ದಾರಿ ಆಗಬಹುದು. ಕಕ್ಷಿದಾರರಿಗೆ ಇದನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೀವಾಗಿಯೇ ಬಾಯಿಬಿಟ್ಟು ಕೇಳಿ: "ಇದರಿಂದ ನನ್ನ ವೀಸಾಗೆ ಏನಾಗುತ್ತದೆ?"

ಟ್ರಾಫಿಕ್ ಪೊಲೀಸರು ಟಿಕೆಟ್ ಮೇಲೆ ಸಹಿ ಕೇಳಿದರೆ ಹಾಕಿ. ಅದು ತಪ್ಪು ಒಪ್ಪಿಕೊಂಡಂತಲ್ಲ, ಹೇಳಿದ ದಿನದೊಳಗೆ ಹಾಜರಾಗುತ್ತೇನೆ ಎಂಬ ಮಾತು ಅಷ್ಟೇ.

ಕೊನೆಗೆ ತಾರೀಖು. ಕ್ಯಾಲಿಫೋರ್ನಿಯಾದ ಸಾಮಾನ್ಯ ಸಿವಿಲ್ ಸಮನ್ಸ್ ಕೈಗೆ ಕೊಟ್ಟರೆ 30 ದಿನದೊಳಗೆ ಲಿಖಿತ ಉತ್ತರ ಸಲ್ಲಿಸಬೇಕು. ಫೆಡರಲ್ ಆದರೆ 21 ದಿನ. ಮನೆ ಖಾಲಿ ಮಾಡಿಸುವ ಕೇಸಿಗೆ ಇನ್ನೂ ಕಡಿಮೆ. ಸುಮ್ಮನಿದ್ದರೆ, ನಮ್ಮಲ್ಲಿ ಎಕ್ಸ್‌ಪಾರ್ಟಿ ಆಗುವ ಹಾಗೆ, ಇಲ್ಲಿ ಡೀಫಾಲ್ಟ್ ತೀರ್ಪು, ಅಂದರೆ ನಿಮ್ಮ ಮಾತು ಕೇಳದೆಯೇ ಕೊಡುವ ತೀರ್ಪು ಬರುತ್ತದೆ. ನ್ಯಾಯ ನಿಮ್ಮ ಕಡೆ ಇದ್ದರೂ ಸೋಲುತ್ತೀರಿ.

ಫ್ರಿಜ್ ಮೇಲಿದ್ದ ನನ್ನ ಲಕೋಟೆಯಲ್ಲಿ ಇದ್ದದ್ದು ಜ್ಯೂರಿ ಸಮನ್ಸ್, ಅಂದರೆ ಕೇಸು ಕೇಳಿ ತೀರ್ಮಾನ ಹೇಳಲು ಜನಸಾಮಾನ್ಯರನ್ನು ಕರೆಯುವ ಕಾಗದ. ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ಆರಿಸುವುದರಿಂದ ನಾಗರಿಕರಲ್ಲದವರಿಗೂ ಇದು ಬರುತ್ತದೆ. ಜ್ಯೂರಿಯಲ್ಲಿ ಕೂರುವುದು ನಾಗರಿಕರು ಮಾತ್ರ. ಹಾಗಂತ ಕಸದಬುಟ್ಟಿಗೆ ಹಾಕಬೇಡಿ. "ನಾನು ನಾಗರಿಕಳಲ್ಲ" ಎಂಬ ಚೌಕದಲ್ಲಿ ಗುರುತು ಹಾಕಿ ವಾಪಸ್ ಕಳಿಸಿ. ಕೈತಪ್ಪಿಯೂ ನಾಗರಿಕ ಎಂದು ಗುರುತು ಹಾಕಬೇಡಿ. ನಾಗರಿಕ ಎಂದು ಸುಳ್ಳು ಹೇಳಿದ್ದಾರೆ ಎಂದಾದರೆ ಗ್ರೀನ್ ಕಾರ್ಡ್ ಆಸೆಯನ್ನೇ ಬಿಡಬೇಕಾದೀತು.

ಈಗ ನಾನೇ ಮೆಟ್ಟಿಲು ಹತ್ತಿದ ಕೇಸು. ನಾಲ್ಕು ವರ್ಷ ಇದ್ದ ಅಪಾರ್ಟ್‌ಮೆಂಟ್ ಬಿಟ್ಟಾಗ 1,900 ಡಾಲರ್ ಡಿಪಾಸಿಟ್‌ನಲ್ಲಿ 640 ಮಾತ್ರ ವಾಪಸ್ ಬಂತು. ಪೇಂಟು, ಕಾರ್ಪೆಟ್ ಎಂದು ಉಳಿದದ್ದನ್ನು ಓನರ್ ಹಿಡಿದುಕೊಂಡರು. ನನ್ನ ಗಂಡ "ಹೋಗಲಿ ಬಿಡು" ಎಂದರು. ನನಗೆ ಬಿಡಲು ಮನಸ್ಸಾಗಲಿಲ್ಲ.

ಇಂಥ ಚಿಕ್ಕ ಮೊತ್ತದ ಜಗಳಗಳಿಗೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವ್ಯಕ್ತಿ ಈಗ 12,500 ಡಾಲರ್‌ವರೆಗೆ ಇಲ್ಲಿ ಕೇಳಬಹುದು. ವಿಚಾರಣೆಯಲ್ಲಿ ನಿಮ್ಮ ಪರ ವಕೀಲರು ನಿಲ್ಲುವಂತಿಲ್ಲ, ಎದುರಿನವರ ಪರವೂ ನಿಲ್ಲುವಂತಿಲ್ಲ. ಹೆದರುವವರಿಗೆ ಇದೇ ದೊಡ್ಡ ಧೈರ್ಯ.

ಮೊದಲು ಒಂದು ಪತ್ರ ಬರೆದು ದುಡ್ಡು ಕೇಳಿ. ಮೊದಲೇ ಕೇಳಿದ್ದೀರಾ ಎಂದು ಕೋರ್ಟಿನ ಫಾರಂನಲ್ಲೇ ಪ್ರಶ್ನೆ ಇದೆ. ನಾನು ಅರ್ಧ ಪುಟ ಬರೆದು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ಉತ್ತರ ಬರಲಿಲ್ಲ. ಎಸ್‌ಸಿ-100 ಎಂಬ ಫಾರಂ ತುಂಬಿದೆ. ಇಲ್ಲಿ ಎದುರಿನವರ ಹೆಸರು ಸರಿಯಾಗಿರಬೇಕು. ಗೇಟಿನ ಮೇಲಿರುವ ಅಪಾರ್ಟ್‌ಮೆಂಟ್ ಹೆಸರು ಸಾಲದು, ಮಾಲೀಕ ಕಂಪನಿಯ ಕಾನೂನಿನ ಹೆಸರು ಬೇಕು. ನಾನು ಮೊದಲು ತಪ್ಪು ಬರೆದಿದ್ದೆ. ಕೌಂಟಿಯ ಸ್ಮಾಲ್ ಕ್ಲೇಮ್ಸ್ ಸಲಹೆಗಾರರು ನೋಡಿ ತಿದ್ದಿಸಿದರು. ಅವರ ಸಲಹೆ ಉಚಿತ. ಶುಲ್ಕ 1,500 ಡಾಲರ್‌ವರೆಗಿನ ಕೇಸಿಗೆ 30 ಡಾಲರ್. ಆದಾಯ ಕಡಿಮೆ ಇದ್ದರೆ ಮಾಫಿ ಕೇಳಬಹುದು. ಕಾಗದವನ್ನು ಎದುರಿನವರಿಗೆ ನೀವೇ ಕೊಡುವಂತಿಲ್ಲ. ಕೇಸಿಗೆ ಸಂಬಂಧವಿಲ್ಲದ, 18 ತುಂಬಿದ ಯಾರಾದರೂ ಕೊಡಬೇಕು. ನನ್ನ ಪರವಾಗಿ ಪಕ್ಕದ ಮನೆಯ ಗೆಳತಿ ಹೋಗಿ ಕೊಟ್ಟು ಬಂದಳು.

ವಿಚಾರಣೆಗೆ ಒಂದು ವಾರ ಮುಂಚೆ ಅದೇ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕೂತಿದ್ದೆ. ಇಲ್ಲಿನ ಕೋರ್ಟುಗಳ ಬಾಗಿಲು ಬಹುಮಟ್ಟಿಗೆ ಎಲ್ಲರಿಗೂ ತೆರೆದಿರುತ್ತದೆ. ಯಾರೂ ಏಕೆ ಬಂದೆ ಎಂದು ಕೇಳಲಿಲ್ಲ. ದಯವಿಟ್ಟು ನೀವೂ ಇದನ್ನು ಮಾಡಿ. ಜನ ಎಲ್ಲಿ ನಿಲ್ಲುತ್ತಾರೆ, ಜಡ್ಜ್‌ಗೆ "ಯುವರ್ ಆನರ್" ಎಂದು ಹೇಗೆ ಉತ್ತರ ಕೊಡುತ್ತಾರೆ, ಯಾರು ಜಾಸ್ತಿ ಮಾತಾಡಿ ಕೆಡಿಸಿಕೊಳ್ಳುತ್ತಾರೆ, ಎಲ್ಲ ಕಣ್ಣಿಗೆ ಕಾಣುತ್ತದೆ.

ನನ್ನ ಸರದಿ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಮನೆಗೆ ಬಂದ ದಿನ ಮತ್ತು ಬಿಟ್ಟ ದಿನದ ಫೋಟೋಗಳನ್ನು ಮೂರು ಪ್ರತಿ ಮಾಡಿಸಿದ್ದೆ: ಜಡ್ಜ್‌ಗೆ, ಅವರಿಗೆ, ನನಗೆ. ದಿನಬಳಕೆಯಲ್ಲಿ ಆಗುವ ಸವೆತಕ್ಕೆ ಡಿಪಾಸಿಟ್ ಹಿಡಿಯುವಂತಿಲ್ಲ. ರಿಪೇರಿ, ಕ್ಲೀನಿಂಗ್ ಎಂದು 125 ಡಾಲರ್‌ಗಿಂತ ಹೆಚ್ಚು ಹಿಡಿದರೆ ರಸೀದಿ ಕೊಡಬೇಕು. ಓನರ್ ಕಡೆಯವರನ್ನು ಜಡ್ಜ್ ಕೇಳಿದ್ದು ಒಂದೇ ಮಾತು: ರಸೀದಿ ಎಲ್ಲಿ? ಅವರ ಹತ್ತಿರ ಕಾರ್ಪೆಟ್ಟಿನದು ಇತ್ತು, ಪೇಂಟಿನದು ಇರಲಿಲ್ಲ. ತೀರ್ಪು ಅಂಚೆಯಲ್ಲಿ ಬಂತು: 1,040 ಡಾಲರ್, ಜೊತೆಗೆ ಶುಲ್ಕ. ಕೇಸು ಹಾಕಿದವರು ಸೋತರೆ ಅಪೀಲು ಇಲ್ಲ ಎಂಬುದು ನೆನಪಿರಲಿ. ಗೆದ್ದರೂ ಕೋರ್ಟು ದುಡ್ಡು ವಸೂಲಿ ಮಾಡಿ ತಂದುಕೊಡುವುದಿಲ್ಲ. ನಾನು ಇನ್ನೆರಡು ಪತ್ರ ಬರೆದ ಮೇಲೆ ಚೆಕ್ ಬಂತು.

ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಅವರಿಗೆ ಕೋರ್ಟಿನ ಕೆಲಸ ಬಿದ್ದರೆ ಅನುವಾದಕರನ್ನು ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಐಎನ್‌ಟಿ-300 ಎಂಬ ಫಾರಂ ಇದೆ. ಆದಷ್ಟು ಬೇಗ ಕೊಡಿ, ಕನ್ನಡ ಬಲ್ಲ ಅನುವಾದಕರನ್ನು ಹುಡುಕಲು ಸಮಯ ಬೇಕು. ಗೆಳತಿಯ ಅತ್ತೆಯ ಕೇಸಿನಲ್ಲಿ "ಇಂಡಿಯನ್ ತಾನೆ, ಹಿಂದಿ ಸಾಕಲ್ಲ" ಎಂದುಕೊಂಡು ಹಿಂದಿಯವರನ್ನು ಕರೆಸಿದ್ದರು. ಆ ತಾಯಿಗೆ ಹಿಂದಿ ಒಂದಕ್ಷರ ಬರುವುದಿಲ್ಲ. ಮುಜುಗರಕ್ಕೆ ತಲೆಯಾಡಿಸಬೇಡಿ, ನನಗೆ ಅರ್ಥವಾಗುತ್ತಿಲ್ಲ ಎಂದು ಹೇಳಿ ಎಂದು ಅವರಿಗೆ ಮೊದಲೇ ಹೇಳಿಕೊಟ್ಟಿದ್ದೆವು. ಹಾಗೇ ಹೇಳಿದರು. ವಿಚಾರಣೆ ಮುಂದಕ್ಕೆ ಹೋಯಿತು. ಮುಂದಿನ ಸಲ ಫೋನಿನಲ್ಲಿ ಕನ್ನಡ ಕೇಳಿಸಿತು.