ಅಡಿಕೆ ಸುಲಿಯುತ್ತಾ ಆತ್ಮಕತೆ ಕೇಳುವವರಿಗೆ

ಆಡಿಯೊ ಪುಸ್ತಕ ಡೌನ್‌ಲೋಡ್ ಮಾಡಿಕೊಂಡೇ ಮನೆ ಬಿಡಿ. ಉಳಿದದ್ದೆಲ್ಲ ಆಮೇಲೆ. ಇದನ್ನು ನಾನು ಕಲಿತದ್ದು ಶಿರಸಿಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೆ, ಕತೆ ಇನ್ನೇನು ಹದಕ್ಕೆ ಬಂತು ಅನ್ನುವಾಗ ದೇವಿಮನೆ ಘಟ್ಟ ಶುರುವಾಯಿತು, ಸಿಗ್ನಲ್ ಸತ್ತಿತು, ಹೇಳುತ್ತಿದ್ದವಳು ಅರ್ಧ ವಾಕ್ಯಕ್ಕೆ ಬಾಯಿ ಮುಚ್ಚಿದಳು. ಕುಮಟಾ ಹತ್ತಿರ ಬರುವವರೆಗೂ ಹಿಂದಿನ ಸೀಟಿನವರ ಆಸ್ತಿ ಜಗಳ ಕೇಳಿದೆ. ಅದೂ ಚೆನ್ನಾಗಿಯೇ ಇತ್ತು ಬಿಡಿ.

ಜಾಗದ ಚಿಂತೆ ಬೇಡ. 64 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಯ ಆಡಿಯೊ ಸುಮಾರು 29 ಎಂಬಿ ಆಗುತ್ತದೆ. ಅಂದರೆ 10 ಗಂಟೆಯ ಪುಸ್ತಕ 300 ಎಂಬಿ ಒಳಗೇ ಮುಗಿಯಿತು. ಮನೆಯ ವೈಫೈನಲ್ಲಿ ರಾತ್ರಿ ಇಳಿಸಿಟ್ಟು, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಒಮ್ಮೆ ಪ್ಲೇ ಮಾಡಿ ನೋಡಿ. ಆಗಲೂ ಕೇಳಿದರೆ ಅದು ನಿಜವಾಗಿ ಇಳಿದಿದೆ ಎಂದರ್ಥ. ಕೆಲವು ಆ್ಯಪ್‌ಗಳು ಮುಖಪುಟದ ಚಿತ್ರ ಮಾತ್ರ ತೋರಿಸಿ ಮೋಸ ಮಾಡುತ್ತವೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಯಾವ ಪುಸ್ತಕ ಕೇಳಬೇಕು? ನನ್ನ ಪ್ರಕಾರ ಪ್ರಶ್ನೆಯೇ ತಪ್ಪು. ಯಾರ ದನಿ ಕೇಳಬೇಕು ಎಂದು ಕೇಳಿಕೊಳ್ಳಿ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ತಾಳಮದ್ದಳೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಹೋದವರಿಗೆ ಗೊತ್ತು. ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಉಟ್ಟು ಕೂತ ನಾಲ್ಕು ಜನ. ಅದೇ ಪ್ರಸಂಗ, ಅದೇ ಪದ್ಯ. ಆದರೆ ಕರ್ಣನ ಅರ್ಥ ಯಾರು ಹೇಳುತ್ತಾರೆ ಎನ್ನುವುದರ ಮೇಲೆ ನಾವು ರಾತ್ರಿಯಿಡೀ ಕೂರುತ್ತೇವೋ, ಚಹಾ ಕುಡಿಯಲು ಎದ್ದು ಹೋಗುತ್ತೇವೋ ಎನ್ನುವುದು ತೀರ್ಮಾನ ಆಗುತ್ತದೆ. ಆಡಿಯೊ ಪುಸ್ತಕವೂ ಹಾಗೆಯೇ. ಹೆಚ್ಚಿನ ಆ್ಯಪ್‌ಗಳಲ್ಲಿ ಸ್ಯಾಂಪಲ್ ಇರುತ್ತದೆ. ದುಡ್ಡು ಕೊಡುವ ಮೊದಲು ಅದನ್ನು ಕೇಳಿ. ಸುಮ್ನೆ ಕೂತು ಕೇಳಬೇಡಿ, ಪಾತ್ರೆ ತೊಳೆಯುತ್ತಾ ಕೇಳಿ. ನಲ್ಲಿಯ ಸದ್ದಿನ ನಡುವೆಯೂ ನಿಮ್ಮನ್ನು ಹಿಡಿದು ನಿಲ್ಲಿಸಿದರೆ ಮಾತ್ರ ಕೊಳ್ಳಿ.

ಪ್ರಸಿದ್ಧರ ಆತ್ಮಕತೆಯಾದರೆ ನನ್ನದು ಇನ್ನೂ ಕಟ್ಟುನಿಟ್ಟು. ಬರೆದವರೇ ಓದಿದ್ದರೆ ಕೇಳುತ್ತೇನೆ, ಇಲ್ಲದಿದ್ದರೆ ಅಚ್ಚಾದ ಪುಸ್ತಕ ಓದುತ್ತೇನೆ. ಹಾಸ್ಯಗಾರ ಟ್ರೆವರ್ ನೋವಾ ಅವರ 'ಬಾರ್ನ್ ಎ ಕ್ರೈಮ್' ತೆಗೆದುಕೊಳ್ಳಿ. 2016ರದ್ದು. ಅಪ್ಪ ಬಿಳಿಯ, ಅಮ್ಮ ಕರಿಯ ಮಹಿಳೆ. ದಕ್ಷಿಣ ಆಫ್ರಿಕಾದ ಆಗಿನ ವರ್ಣಭೇದ ಕಾನೂನಿನ ಪ್ರಕಾರ ಅಂಥ ಸಂಬಂಧವೇ ಅಪರಾಧ. ಆದ್ದರಿಂದಲೇ ಆ ಹೆಸರು. ಅದರಲ್ಲಿ ಖೋಸಾ, ಜುಲು ಭಾಷೆಯ ಮಾತುಗಳು ಬರುತ್ತವೆ, ನಾಲಿಗೆಯನ್ನು ಅಂಗುಳಕ್ಕೆ ಬಡಿದು ಟಕ್ ಎನ್ನಿಸುವ ಅಕ್ಷರಗಳು ಇವೆ. ಪುಸ್ತಕದಲ್ಲಿ ಓದಿದರೆ ಅವು ಬರೀ ಎಕ್ಸ್, ಕ್ಯೂ. ಅವನು ಹೇಳಿದಾಗ ಮಾತ್ರ ಭಾಷೆ. ಮನೆಯಲ್ಲಿ ಹವಿಗನ್ನಡ, ಪೇಟೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಎಂದು ದಿನಕ್ಕೆ ಮೂರು ಸಲ ನಾಲಿಗೆ ಬದಲಿಸುವ ನಮ್ಮ ಜಿಲ್ಲೆಯವರಿಗೆ ಆ ಹುಡುಗ ಭಾಷೆ ಬದಲಿಸಿ ಹೊಡೆತ ತಪ್ಪಿಸಿಕೊಳ್ಳುವುದು ಚೆನ್ನಾಗಿಯೇ ಅರ್ಥ ಆಗುತ್ತದೆ. ಮೊದಲ ಬಾರಿ ಕೇಳುವವರು ಇಲ್ಲಿಂದ ಶುರು ಮಾಡಿ. 9 ಗಂಟೆಯೊಳಗೆ ಮುಗಿಯುತ್ತದೆ.

ಮಿಶೆಲ್ ಒಬಾಮಾ ಅವರ 'ಬಿಕಮಿಂಗ್' 2018ರಲ್ಲಿ ಬಂತು, ಓದಿದ್ದೂ ಅವರೇ. ಅದಕ್ಕೆ 2020ರಲ್ಲಿ ಗ್ರ್ಯಾಮಿ ಸಿಕ್ಕಿತು. ಸುಮಾರು 19 ಗಂಟೆ. ನಿಧಾನ, ಬಹಳ ನಿಧಾನ. ಶಿಕಾಗೋದ ಬಾಲ್ಯದ ಭಾಗ ಬಂಗಾರ. ಚುನಾವಣೆ ಶುರುವಾದ ಮೇಲೆ ನನಗೆ ಸ್ವಲ್ಪ ಭಾಷಣ ಅನ್ನಿಸಿತು. ಆದರೂ ಅದು ನಮ್ಮ ಮನೆಯಲ್ಲಿ ಪೂರ್ತಿ ಓಡಿದ ಮೊದಲ ಪುಸ್ತಕ. ಅಡಿಕೆ ಕೊನೆ ಕೊಯ್ಲಿನ ದಿನಗಳು, ರಾತ್ರಿ ಊಟದ ಮೇಲೆ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತಿದ್ದೆವು, ನಾನು ಸ್ಪೀಕರ್ ಹಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಆಯಿ "ಎಂತ ಹೇಳ್ತಾ ಇದ್ದು ಅದು?" ಎಂದು ಕೇಳಿದಳು. ಗಂಡ ಮನೆಗೆಲಸಕ್ಕೆ ಸಿಗುವುದಿಲ್ಲ ಎನ್ನುತ್ತಿದ್ದಾಳೆ ಎಂದೆ. ಆಯಿ ಮತ್ತೊಂದು ಅಡಿಕೆ ಕತ್ತಿಗೆ ಒತ್ತಿದಳು. ಆಮೇಲೆ ದಿನಾ ಅವಳೇ "ಅದರ ಕತೆ ಹಚ್ಚು" ಎನ್ನತೊಡಗಿದಳು. ಇಂಗ್ಲಿಷ್ ಬರುವುದಿಲ್ಲ. ದನಿ ಸಾಕಿತ್ತು, ನಡುನಡುವೆ ನನ್ನ ಅನುವಾದ.

ಬರೆದವರೇ ಓದಬೇಕು ಎಂಬ ನಿಯಮಕ್ಕೆ ಒಂದು ರಿಯಾಯಿತಿ ಇದೆ. ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ತಮ್ಮ 2023ರ ಪುಸ್ತಕದ ಪೀಠಿಕೆಯನ್ನಷ್ಟೇ ತಾವು ಓದಿದರು. ಉಳಿದದ್ದನ್ನು ಓದಿದ್ದು ನಟಿ ಮಿಶೆಲ್ ವಿಲಿಯಮ್ಸ್. ಮತ್ತೆ ಅದನ್ನೆಲ್ಲ ಜೀವಿಸುವುದು ಕಷ್ಟ ಎಂದರಂತೆ ಬ್ರಿಟ್ನಿ. ಅದನ್ನು ಕೇಳಿದ ಮೇಲೆ, ಓದದಿರುವುದೂ ಒಂದು ರೀತಿಯ ಹೇಳುವಿಕೆ ಅಲ್ವಾ ಅನ್ನಿಸಿತು. ಅಂಥ ಕಾರಣ ಇದ್ದರೆ ಸರಿ. ಸುಮ್ನೆ ಪುರುಸೊತ್ತಿಲ್ಲ ಎಂದು ಬೇರೆಯವರಿಂದ ಓದಿಸಿದ್ದರೆ ನನಗೂ ಕೇಳಲು ಪುರುಸೊತ್ತಿಲ್ಲ.

ಇನ್ನು 'ಬರೆದವರು' ಅಂದೆನಲ್ಲ, ಅದರಲ್ಲೂ ಒಂದು ತಮಾಷೆ ಇದೆ. ದೊಡ್ಡವರ ಆತ್ಮಕತೆಗಳಲ್ಲಿ ಎಷ್ಟೋ ಪುಸ್ತಕಗಳನ್ನು ಬೇರೆಯವರು ಬರೆದಿರುತ್ತಾರೆ. ಟೆನಿಸ್ ಆಟಗಾರ ಆಂಡ್ರೆ ಅಗಾಸಿಯ 'ಓಪನ್' 2009ರಲ್ಲಿ ಬಂತು. ಟೆನಿಸ್ ಎಂದರೆ ನನಗೆ ದ್ವೇಷ ಎಂದು ಅದರಲ್ಲಿ ಆತ ಮೊದಲಿಗೇ ಹೇಳಿಬಿಡುತ್ತಾನೆ. ಬ್ರಿಟನ್ನಿನ ರಾಜಕುಮಾರ ಹ್ಯಾರಿಯ 'ಸ್ಪೇರ್' ಬಂದದ್ದು 2023ರಲ್ಲಿ. ಎರಡನ್ನೂ ಬರೆಯಲು ಕೂತವರು ಒಬ್ಬರೇ, ಪುಲಿಟ್ಜರ್ ಪ್ರಶಸ್ತಿ ಪಡೆದ ಪತ್ರಕರ್ತ ಜೆ. ಆರ್. ಮೋರಿಂಗರ್. ಇದು ಗೊತ್ತಾದ ಮೇಲೆ ಎರಡನ್ನೂ ಒಂದರ ಹಿಂದೊಂದು ತೆಗೆದುಕೊಂಡೆ. ಆ ತುಂಡು ತುಂಡು ವಾಕ್ಯ, ಅಪ್ಪನ ಮುಂದೆ ನಿಂತ ಹುಡುಗನ ಆ ಚಿತ್ರ, ಒಂದೇ ಭಾಗವತರು ಎರಡು ಮೇಳಕ್ಕೆ ಹಾಡಿದ ಹಾಗೆ. ಇದು ತಪ್ಪೇನೂ ಅಲ್ಲ. ನಮ್ಮ ಕ್ರಿಕೆಟಿಗ ಜಿ. ಆರ್. ವಿಶ್ವನಾಥ್ 2022ರ ತಮ್ಮ ಪುಸ್ತಕದಲ್ಲಿ ಪತ್ರಕರ್ತ ಆರ್. ಕೌಶಿಕ್ ಹೆಸರನ್ನು ಜೊತೆಗೇ ಹಾಕಿದರು. ಹಾಗೆ ಹಾಕಿದವರ ಮೇಲೆ ನನಗೆ ನಂಬಿಕೆ ಜಾಸ್ತಿ. 'ಸ್ಪೇರ್' ಅನ್ನು ಹ್ಯಾರಿಯೇ ಓದಿದ್ದಾನೆ, 15 ಗಂಟೆಗೂ ಮೇಲೆ. ಅಮ್ಮ ಸತ್ತ ಸುದ್ದಿ ಬರುವ ಭಾಗಕ್ಕೆ ನನ್ನ ಕೈ ನಿಂತುಹೋಗಿತ್ತು. ಪತ್ರಿಕೆಯವರ ಮೇಲಿನ ದೂರುಗಳನ್ನು ಮಾತ್ರ ಓಡಿಸಿಕೊಂಡು ಕೇಳಿದೆ.

ಆತ್ಮಕತೆಯೋ ಜಾಹೀರಾತೋ ಎಂದು ತಿಳಿಯಲು ನನ್ನದೊಂದು ಸುಲಭ ಉಪಾಯ ಇದೆ. ಮೊದಲ ಒಂದು ಗಂಟೆಯಲ್ಲಿ ಹೇಳುವವರು ತಾವೇ ಮಾಡಿದ ಒಂದು ತಪ್ಪು ಕೆಲಸ ಹೇಳಬೇಕು. "ನಾನು ತುಂಬಾ ಒಳ್ಳೆಯವನು, ಅದೇ ನನ್ನ ತಪ್ಪು" ಎಂಬ ಜಾತಿಯದ್ದು ಲೆಕ್ಕಕ್ಕಿಲ್ಲ. ಯಾರಿಗೋ ನೋವು ಕೊಟ್ಟದ್ದು, ಸುಳ್ಳು ಹೇಳಿದ್ದು, ಹೊಟ್ಟೆಕಿಚ್ಚು ಪಟ್ಟದ್ದು ಬರಬೇಕು. ಬಂದರೆ ಮುಂದುವರಿಯಿರಿ. ಬದಲಿಗೆ ಪ್ರಶಸ್ತಿ, ದೊಡ್ಡವರ ಹೆಸರು, ಯಾರ ಜೊತೆ ಊಟ ಮಾಡಿದೆ ಎಂಬ ಪಟ್ಟಿ ಬಂದರೆ ನಿಲ್ಲಿಸಿ. ಅರ್ಧಕ್ಕೆ ಬಿಟ್ಟರೆ ಪಾಪ ಏನೂ ಬರುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಇಷ್ಟವಾಗದ್ದನ್ನು ಹಿಂತಿರುಗಿಸಿ ಬೇರೆಯದನ್ನು ತೆಗೆದುಕೊಳ್ಳಲೂ ಬಿಡುತ್ತಾರೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕಿ.

ಇನ್ನು ಆತ್ಮಕತೆ ಅಲ್ಲದ ಪುಸ್ತಕಗಳು. ಇತಿಹಾಸ, ವಿಜ್ಞಾನ, ಹಣಕಾಸು, ಮನಸ್ಸು. ಇವುಗಳಲ್ಲಿ ಕಿವಿಗೆ ಒಗ್ಗುವುದು ಕತೆಯಾಗಿ ಓಡುವಂಥದ್ದು ಮಾತ್ರ. ಒಂದರ ಹಿಂದೆ ಒಂದು ಘಟನೆ, ಒಬ್ಬ ಮನುಷ್ಯ, ಒಂದು ಊರು. ಕೋಷ್ಟಕ, ನಕ್ಷೆ, ಲೆಕ್ಕ ಇದ್ದರೆ ಕಾಗದದಲ್ಲೇ ಓದಿ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಅವರ 'ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ' ಒಳ್ಳೆಯ ಪುಸ್ತಕ ಎಂದು ಎಲ್ಲರೂ ಹೇಳಿದರು ಎಂದು ನಾನು ಕೇಳಲು ಹೋದೆ. ಅದರಲ್ಲಿ ಎರಡು ಗೆರೆಗಳ ಚಿತ್ರ ಬರುತ್ತದೆ. ತುದಿಯ ಬಾಣದ ದಿಕ್ಕಿನಿಂದಾಗಿ ಒಂದೇ ಉದ್ದದ ಗೆರೆಗಳಲ್ಲಿ ಒಂದು ಉದ್ದ, ಇನ್ನೊಂದು ಗಿಡ್ಡ ಕಾಣುವ ಚಿತ್ರ. ಕಣ್ಣಿನ ಭ್ರಮೆಯನ್ನು ಕಿವಿಯಲ್ಲಿ ಹೇಗೆ ಕೇಳುವುದು ಹೇಳಿ! ಅಂಥ ಪುಸ್ತಕದ ಜೊತೆ ಪಿಡಿಎಫ್ ಕೊಡುತ್ತಾರೆ ನಿಜ. ಆದರೆ ಕೈಯೆಲ್ಲ ಅಡಿಕೆ ಸೊನೆ ಮೆತ್ತಿಕೊಂಡಿರುವಾಗ ಪಿಡಿಎಫ್ ಯಾರು ತೆರೆಯುತ್ತಾರೆ? ಮೂರು ಅಧ್ಯಾಯಕ್ಕೆ ಬಿಟ್ಟು ಪುಸ್ತಕ ತರಿಸಿಕೊಂಡೆ, ಅದು ಓದಲು ಚೆನ್ನಾಗಿದೆ. ಆಡಿಯೊ ಕೊಳ್ಳುವಾಗ 'ಅನ್‌ಅಬ್ರಿಡ್ಜ್ಡ್' ಎಂದು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ನಿಮಗೆ ಸಿಗುವುದು ಕತ್ತರಿಸಿ ಚಿಕ್ಕದು ಮಾಡಿದ್ದು.

ಯಾವ ಕೆಲಸಕ್ಕೆ ಯಾವ ಪುಸ್ತಕ ಎನ್ನುವುದೂ ಮುಖ್ಯ. ಅಡಿಕೆ ಸುಲಿಯುವುದು, ಬಟ್ಟೆ ಮಡಚುವುದು, ಬಸ್ ಪ್ರಯಾಣ, ಇವಕ್ಕೆ ಏನು ಬೇಕಾದರೂ ಆಗುತ್ತದೆ. ಕತ್ತಿ ಮುಂದೆ ಇರುವಾಗ ಮಾತ್ರ ಒಂದೇ ಕಿವಿಗೆ ಹಾಕಿ. ಪಕ್ಕದವರು ಕರೆದದ್ದು ಕೇಳಬೇಕು, ಮತ್ತೆ ನಗು ಬಂದಾಗ ಕೈ ಅಲುಗಿದರೆ ಬೆರಳು ಹೋದೀತು. ಅಡುಗೆ ಮಾಡುವಾಗ ಹೊಸ ಪುಸ್ತಕ ಬೇಡ, ಒಗ್ಗರಣೆ ಸೀದ ದಿನ ನಾನು ರೋಮ್ ಸಾಮ್ರಾಜ್ಯದಲ್ಲಿದ್ದೆ. ಬೈಕ್ ಮೇಲೆ ಬೇಡವೇ ಬೇಡ. ನಮ್ಮ ಘಟ್ಟದ ತಿರುವುಗಳಲ್ಲಿ ಲಾರಿ ಹಾರ್ನ್ ಕೇಳದಿದ್ದರೆ ನಿಮ್ಮ ಆತ್ಮಕತೆ ಅಲ್ಲಿಗೇ ಮುಗಿಯುತ್ತದೆ.

ವೇಗದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪರಿಚಯ ಇಲ್ಲದ ಉಚ್ಚಾರ ಇದ್ದರೆ ಮೊದಲ ಅರ್ಧ ಗಂಟೆ 0.9ಕ್ಕೆ ಇಳಿಸಿ, ಕಿವಿ ಹೊಂದಿಕೊಂಡ ಮೇಲೆ ಏರಿಸಿ. 1.25ರಲ್ಲಿ 19 ಗಂಟೆಯ ಪುಸ್ತಕ 15 ಗಂಟೆ ಚಿಲ್ಲರೆಗೆ ಬರುತ್ತದೆ. 2ಕ್ಕೆ ಹಾಕಿ ವರ್ಷಕ್ಕೆ ನೂರು ಪುಸ್ತಕ ಮುಗಿಸಿದೆ ಎನ್ನುವವರಿಗೆ ನಮಸ್ಕಾರ. ಆತ್ಮಕತೆಯಲ್ಲಿ ಮಾತಿನ ನಡುವಿನ ಮೌನವೂ ಮಾತೇ, ಅದನ್ನು ಕತ್ತರಿಸಿದರೆ ಉಳಿಯುವುದು ವರದಿ. ಮಲಗುವಾಗ ಸ್ಲೀಪ್ ಟೈಮರ್ 15 ನಿಮಿಷಕ್ಕೆ ಇಡಿ. ಇಲ್ಲದಿದ್ದರೆ ಬೆಳಿಗ್ಗೆ ಎದ್ದಾಗ ನಾಯಕನಿಗೆ ಮೊಮ್ಮಕ್ಕಳಾಗಿರುತ್ತವೆ.

ಕನ್ನಡದಲ್ಲಿ ಏನಿದೆ ಎಂದು ಕೇಳುತ್ತೀರಿ. ಮೈಲ್ಯಾಂಗ್, ಸ್ಟೋರಿಟೆಲ್ ಎರಡೂ ಆ್ಯಪ್‌ಗಳಲ್ಲಿ ಹುಡುಕಿ ನೋಡಿ. ಕತೆ ಕಾದಂಬರಿಗೆ ಹೋಲಿಸಿದರೆ ಆತ್ಮಕತೆ ನನಗೆ ಕಡಿಮೆ ಸಿಕ್ಕಿತು. ಯಂತ್ರದ ದನಿಯಲ್ಲಿ ಪುಸ್ತಕ ಓದಿಸುವ ವಿಡಿಯೊಗಳು ಸಿಗುತ್ತವೆ, ದಯವಿಟ್ಟು ಬೇಡ. ಅವು ಸಾವಿನ ಸುದ್ದಿಯನ್ನೂ ಬಸ್ ವೇಳಾಪಟ್ಟಿಯ ಹಾಗೆ ಓದುತ್ತವೆ. ಅದಕ್ಕಿಂತ ಮನೆಯಲ್ಲೇ ಒಬ್ಬರು ಗಟ್ಟಿಯಾಗಿ ಓದುವುದು ಒಳ್ಳೆಯದು. ನಾವು ಹಾಗೆ ಓದಿದ್ದು ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ'. ಕಾರ್ನಾಡರು ಬಾಲ್ಯ ಕಳೆದದ್ದು ನಮ್ಮ ಶಿರಸಿಯಲ್ಲೇ, ಯಕ್ಷಗಾನ, ಕಂಪನಿ ನಾಟಕ ನೋಡಿದ್ದೂ ಇಲ್ಲೇ. ಶಿರಸಿಯ ಪುಟಗಳು ಬಂದಾಗ ಓದುವವರನ್ನು ನಿಲ್ಲಿಸಿ ಅದು ಯಾವ ಓಣಿ, ಆ ಮನೆ ಈಗ ಯಾರದ್ದು ಎಂದು ಜಗಳ ಶುರು. ಒಂದು ಪುಟಕ್ಕೆ ಅರ್ಧ ಗಂಟೆ. ಓದುವವರು ಸರದಿಯಲ್ಲಿ ಬದಲಾಗಲಿ, ಒಬ್ಬರ ಗಂಟಲು ಒಂದು ಗಂಟೆಗೆ ಸೋಲುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಆದರೆ ಮನೆಯೊಳಗೇ ಇರಲಿ. ಪುಸ್ತಕಕ್ಕೆ ಹಕ್ಕುದಾರರು ಇರುತ್ತಾರೆ.

ದುಡ್ಡು ಕೊಡದೆ ಶುರು ಮಾಡಬೇಕು ಎನ್ನುವವರಿಗೆ ಲಿಬ್ರಿವಾಕ್ಸ್ ಜಾಲತಾಣ ಇದೆ. 2005ರಿಂದ ನಡೆಯುತ್ತಿದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ. ಕೆಲವರದ್ದು ಅದ್ಭುತ, ಕೆಲವರ ಹಿಂದೆ ನಾಯಿ ಬೊಗಳುತ್ತದೆ.

ಕಾರವಾರದಲ್ಲಿ ಇರುವವರಿಗೆ ಒಂದು ಚಿಕ್ಕ ಪ್ರಯೋಗ ಹೇಳುತ್ತೇನೆ. ರವೀಂದ್ರನಾಥ ಟ್ಯಾಗೋರರ ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು. ಟ್ಯಾಗೋರರು ಇಲ್ಲಿಗೆ ಬಂದಿದ್ದ ದಿನಗಳ ಬಗ್ಗೆ ತಮ್ಮ ನೆನಪಿನ ಪುಸ್ತಕದಲ್ಲಿ 'ಕಾರವಾರ' ಎಂದೇ ಒಂದು ಚಿಕ್ಕ ಅಧ್ಯಾಯ ಬರೆದಿದ್ದಾರೆ. ಇಂಗ್ಲಿಷ್ ಅನುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಒಂದು ಬೆಳದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದದ್ದು, ಶಿವಾಜಿಯ ಹಳೆಯ ಕೋಟೆಯ ಹತ್ತಿರ ಇಳಿದದ್ದು, ವಾಪಸ್ ಬರುವಾಗ ಮರಳಿನ ಮೇಲೆ ನಡೆದದ್ದು ಅದರಲ್ಲಿದೆ. ಸಂಜೆ ಅವರ ಹೆಸರಿನ ಬೀಚಿಗೆ ಹೋಗಿ, ಜೊತೆಗೆ ಬಂದವರ ಕೈಗೆ ಫೋನ್ ಕೊಟ್ಟು ಓದಿಸಿ. ಅಲೆಯ ಸದ್ದಿಗೆ ಸ್ವಲ್ಪ ಗಟ್ಟಿಯಾಗಿ ಓದಬೇಕಾಗುತ್ತದೆ. ಭೇಲ್ ಪುರಿ ಆಮೇಲೆ ತಿಂದರಾಯಿತು.