ಉಸಿರಾಟ 18 ಅಂತ ಬರೆದರೆ ಮುಗೀತಾ? ಗೇಮ್ ಆಡಿಸಿ ಪಾಠ ಮಾಡಿದ ನನ್ನ ಅನುಭವ

ವಾರ್ಡಿನ ಚಾರ್ಟುಗಳನ್ನು ಸಾಲಾಗಿ ತೆರೆದು ನೋಡಿದರೆ ಎಷ್ಟೋ ಸಲ ಎಲ್ಲ ರೋಗಿಗಳೂ ನಿಮಿಷಕ್ಕೆ 18 ಸಲ ಉಸಿರಾಡುತ್ತಿರುತ್ತಾರೆ. ಜ್ವರ ಇದ್ದವರಿಗೂ 18, ನಿನ್ನೆ ಆಪರೇಷನ್ ಆದವರಿಗೂ 18. ಬರೆದು ಬರೆದು ಬೇಜಾರಾದರೆ ಒಬ್ಬರಿಗೆ 20. ನರ್ಸಿಂಗ್ ಕಲಿಸುವ ನನ್ನಂಥವರಿಗೆ ಇದು ಹೊಸದಲ್ಲ. ವಿದ್ಯಾರ್ಥಿನಿಯಾಗಿದ್ದಾಗ ನಾನೂ ಎಣಿಸದೆ ಹಾಗೆ ಬರೆದಿದ್ದೇನೆ, ಸುಳ್ಳು ಯಾಕೆ ಹೇಳಲಿ.

ನಾನು ಗೇಮ್ ಮಾಡಲು ಕೂತಿದ್ದು ಈ 18ರ ಮೇಲಿನ ಸಿಟ್ಟಿಗೆ.

ಗೇಮ್ ಅಂದ ಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ. ತಲೆಗೆ ಹಾಕಿಕೊಳ್ಳುವ ವಿಆರ್ ಕನ್ನಡಕ ಗಿನ್ನಡಕ ಏನೂ ಇಲ್ಲ. ಟ್ವೈನ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಕ್ರಿಸ್ ಕ್ಲಿಮಾಸ್ ಎಂಬುವರು 2009ರಲ್ಲಿ ಹೊರತಂದದ್ದು. ಓದುವವರು ಆರಿಸಿದ ಹಾಗೆ ದಾರಿ ಬದಲಾಗುವ ಕಥೆಗಳನ್ನು ಅದರಲ್ಲಿ ಬರೆಯಬಹುದು. ಪ್ರೋಗ್ರಾಮಿಂಗ್ ಬಾರದ ನನಗೂ ಕೈಗೆ ಹತ್ತಿತು. ಚಿಕ್ಕ ವಿಡಿಯೋ ಸೇರಿಸಬಹುದು, ಫೋನಿನಲ್ಲೇ ಆಡಬಹುದು. ನನಗೆ ಅಷ್ಟು ಸಾಕಿತ್ತು.

ಮೊದಲ ಗೇಮ್ ಪೂರ್ತಿ ದಂಡವಾಯಿತು. ಪ್ರಶ್ನೆ, ನಾಲ್ಕು ಆಯ್ಕೆ, ಸರಿಯಿದ್ದರೆ ಹಸಿರು ಬಣ್ಣ ಮತ್ತು 10 ಅಂಕ, ತಪ್ಪಿದರೆ ಕೆಂಪು. ಮಕ್ಕಳಿಗೆ ಭಾರೀ ಖುಷಿ. ಒಬ್ಬ ಹುಡುಗ ನಾಲ್ಕೇ ನಿಮಿಷದಲ್ಲಿ ನೂರಕ್ಕೆ ನೂರು ತೆಗೆದ. "ಡಾಕ್ಟರಿಗೆ ಫೋನ್ ಮಾಡುವ ಮೊದಲು ಆಕ್ಸಿಜನ್ ಯಾಕೆ ಕೊಟ್ಟೆ?" ಅಂತ ಕೇಳಿದೆ. "ಹೋದ ಸಲ ಇನ್ನೊಂದು ಒತ್ತಿದ್ದೆ ಮೇಡಂ, ಕೆಂಪು ಬಂತು" ಅಂದ. ಅವನ ತಪ್ಪೇನಿಲ್ಲ. ಆಟದ ನಿಯಮ ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಆಟ ಕಟ್ಟಿದ ನನಗೇ ಅರ್ಥವಾಗಿರಲಿಲ್ಲ.

ನರ್ಸಿಂಗ್ ಪ್ರಾಧ್ಯಾಪಕಿ ಕ್ರಿಸ್ಟೀನ್ ಟ್ಯಾನರ್ 2006ರಲ್ಲಿ ನರ್ಸ್ ಯೋಚಿಸುವ ರೀತಿಯನ್ನು ನಾಲ್ಕು ಭಾಗ ಮಾಡಿ ಹೇಳಿದ್ದರು. ಗಮನಿಸುವುದು, ಅದಕ್ಕೆ ಅರ್ಥ ಹಚ್ಚುವುದು, ಏನಾದರೂ ಮಾಡುವುದು, ಆಮೇಲೆ ಮಾಡಿದ್ದನ್ನು ತಿರುಗಿ ನೋಡುವುದು. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ನನ್ನ ಗೇಮಿನಲ್ಲಿ ಇದ್ದದ್ದು ಮೂರನೆಯದು ಮಾತ್ರ. ಗಮನಿಸುವ ಕೆಲಸವನ್ನು ನಾನೇ ಮಾಡಿ, ಎಲ್ಲ ಅಂಕಿಗಳನ್ನೂ ಪರದೆ ಮೇಲೆ ಸಾಲಾಗಿ ಇಟ್ಟುಬಿಟ್ಟಿದ್ದೆ!

ಎರಡನೇ ಸಲ ಅಂಕ ತೆಗೆದೆ. ಹಸಿರು ಕೆಂಪು ತೆಗೆದೆ. ಒಬ್ಬನೇ ರೋಗಿಯನ್ನು ಇಟ್ಟುಕೊಂಡೆ. ಅಪೆಂಡಿಕ್ಸ್ ಒಡೆದು ಆಪರೇಷನ್ ಆಗಿ ಮೂರನೇ ದಿನ, ನಾಲ್ಕನೇ ಬೆಡ್. ಮಾನಿಟರ್ ನೋಡಿದರೆ ಬಿಪಿ 118/76, ಪಲ್ಸ್ 104, ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಅಂದರೆ ಸ್ಯಾಚುರೇಶನ್, 95. ಥರ್ಮಾಮೀಟರ್ ಇಟ್ಟರೆ 38.2 ಡಿಗ್ರಿ ಸೆಲ್ಸಿಯಸ್. ಉಸಿರಾಟ ಮಾತ್ರ ಎಲ್ಲೂ ಕಾಣುವುದಿಲ್ಲ. "ಎಣಿಸು" ಅಂತ ಒತ್ತಿದರೆ ಎದೆ ಏರಿಳಿಯುವ ವಿಡಿಯೋ ಬರುತ್ತದೆ, ಪೂರ್ತಿ 60 ಸೆಕೆಂಡ್. ಮುಂದೆ ಓಡಿಸಲು ಆಗುವುದಿಲ್ಲ. ಬೇಡ ಅಂದರೆ ಬಿಟ್ಟು, ತೋಚಿದ ಸಂಖ್ಯೆ ಬರೆದು ಮುಂದೆ ಹೋಗಬಹುದು. ಗೇಮ್ ತಡೆಯುವುದಿಲ್ಲ.

ಮೊದಲ ದಿನ ಆಡಿದವರಲ್ಲಿ ಹೆಚ್ಚಿನವರು ಬಿಟ್ಟೇ ಹೋದರು. ಏನು ಬರೆದರು ಅಂತ ಹೇಳಬೇಕಾ?

ನಿಜವಾಗಿ ಎಣಿಸಿದರೆ 24 ಬರುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದ ನ್ಯೂಸ್2 ಸ್ಕೋರ್ ಹಾಕಿ ನೋಡಿ. ಅಂಕ ಹೆಚ್ಚಾದಷ್ಟೂ ರೋಗಿಗೆ ಅಪಾಯ ಹೆಚ್ಚು ಅಂತ ಅರ್ಥ. ಸ್ಯಾಚುರೇಶನ್‌ಗೆ 1, ಪಲ್ಸ್‌ಗೆ 1, ಜ್ವರಕ್ಕೆ 1. ಉಸಿರಾಟ 18 ಅಂತ ಬರೆದರೆ ಸೊನ್ನೆ. ಒಟ್ಟು 3, ಅಂದರೆ ನಾಲ್ಕು ಗಂಟೆ ಬಿಟ್ಟು ಮತ್ತೆ ನೋಡಿದರೂ ನಡೆಯುತ್ತದೆ. 24 ಅಂತ ಬರೆದರೆ ಅದಕ್ಕೇ 2, ಒಟ್ಟು 5. ಆಗ ಡಾಕ್ಟರಿಗೆ ತುರ್ತಾಗಿ ತಿಳಿಸಬೇಕು, ಕಡಿಮೆ ಅಂದರೂ ಗಂಟೆಗೊಮ್ಮೆ ವೈಟಲ್ಸ್ (ಬಿಪಿ, ಪಲ್ಸ್, ಉಸಿರಾಟ, ಜ್ವರ ಎಲ್ಲ) ನೋಡಬೇಕು. ಅದೇ ಮನುಷ್ಯ, ಅದೇ ಬೆಡ್.

18 ಬರೆದವರಿಗೆ ಗೇಮ್ "ತಪ್ಪು" ಅನ್ನುವುದಿಲ್ಲ. ಸುಮ್ನೆ ಬೇರೆ ಕೆಲಸ ಕೊಡುತ್ತದೆ. ಒಬ್ಬರ ಡ್ರೆಸ್ಸಿಂಗ್, ಇನ್ನೊಬ್ಬರ ಡ್ರಿಪ್, ಲ್ಯಾಬ್‌ನಿಂದ ಒಂದು ಫೋನ್. ಪ್ರತಿ ಕೆಲಸಕ್ಕೂ ನಿಮಿಷಗಳು ಖರ್ಚಾಗುತ್ತವೆ, ಗಡಿಯಾರ ಮೇಲೆ ಮೂಲೆಯಲ್ಲಿ ಓಡುತ್ತಿರುತ್ತದೆ. ನಡುವೆ ರೋಗಿಯ ಹೆಂಡತಿ ಬಂದು "ಸಿಸ್ಟರ್, ಇವರು ಯಾಕೋ ಹೀಗೆ ಮಾತಾಡೋರಲ್ಲ" ಅನ್ನುತ್ತಾಳೆ. ಮಕ್ಕಳು ಅದನ್ನು ಕಥೆಯ ಅಲಂಕಾರ ಅಂತ ದಾಟಿ ಹೋಗುತ್ತಾರೆ. ತಿರುಗಿ ನಾಲ್ಕನೇ ಬೆಡ್‌ಗೆ ಬರುವಷ್ಟರಲ್ಲಿ ಬಿಪಿ 98/60, ಪಲ್ಸ್ 122, ಉಸಿರಾಟ 28. ಆತ ಇದು ಯಾವ ಊರು ಅಂತ ಕೇಳುತ್ತಿದ್ದಾನೆ. ಸೆಪ್ಸಿಸ್, ಅಂದರೆ ಸೋಂಕಿಗೆ ದೇಹವೇ ಅತಿಯಾಗಿ ಪ್ರತಿಕ್ರಿಯಿಸಿ ಅಂಗಗಳು ಕೆಡುವ ಸ್ಥಿತಿ.

ಮೊದಮೊದಲು ಈ ದಾರಿಯಲ್ಲಿ ರೋಗಿ ಸಾಯುತ್ತಿದ್ದ. ಒಬ್ಬಳು ಫೋನ್ ಕೆಳಗಿಟ್ಟು ಅತ್ತುಬಿಟ್ಟಳು. ಆಮೇಲೆ ಅವಳಿಗೆ ಪಾಠವೇ ಕಿವಿಗೆ ಬೀಳಲಿಲ್ಲ. ಸಾವು ತೋರಿಸಲೇಬೇಕು ಅನ್ನುವವರೂ ಇದ್ದಾರೆ. ನಾನು ಅವತ್ತು ರಾತ್ರಿಯೇ ಬದಲಾಯಿಸಿ ಆತನನ್ನು ಐಸಿಯುಗೆ ಕಳಿಸಿದೆ. ಹೆದರಿದ ತಲೆ ಯೋಚಿಸುವುದಿಲ್ಲ.

ಕೆಲಸಕ್ಕೆ ಬಂದ ಇನ್ನೆರಡು ಬದಲಾವಣೆಗಳೂ ಸಣ್ಣವೇ. ಇಬ್ಬರಿಗೆ ಒಂದೇ ಫೋನ್ ಕೊಟ್ಟೆ. ಒಬ್ಬಳು "ಒತ್ತು" ಅಂದರೆ ಇನ್ನೊಬ್ಬಳು "ತಡಿ, ಯಾಕೆ?" ಅನ್ನಲೇಬೇಕಾಗುತ್ತದೆ. ಆ ಜಗಳ ಕೇಳುತ್ತಾ ಓಡಾಡುವುದೇ ನನಗೆ ಎಲ್ಲಕ್ಕಿಂತ ಉಪಯೋಗದ ಕೆಲಸ. ಎರಡನೆಯದು, ಪ್ರತಿ ಆಯ್ಕೆಗೂ ಮೊದಲು ಒಂದು ಖಾಲಿ ಡಬ್ಬಿ. "ಈಗ ಏನು ಅನ್ನಿಸುತ್ತಿದೆ, ಯಾಕೆ? ಒಂದು ಸಾಲು." ಬರೆದ ಸಾಲುಗಳೆಲ್ಲ ಕೊನೆಯ ಪುಟದಲ್ಲಿ ಒಟ್ಟಿಗೆ ಬರುತ್ತವೆ. ಆಟ 20 ನಿಮಿಷವಾದರೆ ಆ ಪುಟ ಇಟ್ಟುಕೊಂಡು ಮಾತಾಡುವುದು 40 ನಿಮಿಷ. ಈ ಮಾತುಕತೆ, ಅಂದರೆ ಡಿಬ್ರೀಫಿಂಗ್, ಇಲ್ಲದೆ ಆಡಿಸಿದ ದಿನ ಅದು ಬರೀ ಆಟವಾಗುತ್ತದೆ, ಮಾಡಿ ನೋಡಿದ್ದೇನೆ.

ಒಂದು ಸಲ ಅಲ್ಲೇ ಸಿಕ್ಕಿಬಿದ್ದೆ. ಉಸಿರಾಟ ಎಣಿಸದೆ ಡಾಕ್ಟರಿಗೆ ಫೋನ್ ಮಾಡುವ ದಾರಿಯನ್ನೇ ನಾನು ಮುಚ್ಚಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. ತರಗತಿಯಲ್ಲಿ ಬಾಯಿಯೇ ಬಿಡದವಳು. "ಮೇಡಂ, ಹೆಂಡತಿ ಬಂದು ಇವರು ಸರಿಯಿಲ್ಲ ಅಂದ್ರಲ್ಲ. ಅಷ್ಟು ಸಾಕಲ್ವಾ ಡಾಕ್ಟರಿಗೆ ಹೇಳೋಕೆ?" ಅಂದಳು. ಅವಳ ಮಾತೇ ಸರಿ. ಹೊಸದಾಗಿ ಗೊಂದಲ ಶುರುವಾದರೆ ನ್ಯೂಸ್2 ಅದಕ್ಕೊಂದಕ್ಕೇ 3 ಕೊಡುತ್ತದೆ. ನನ್ನ ಗೇಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಈಗ ಆ ದಾರಿ ತೆರೆದಿದೆ. ಫೋನ್ ಮಾಡಿದರೆ ಆ ಕಡೆಯ ಡಾಕ್ಟರ್ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾರೆ. ಪರಿಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನು ಬೇಕು ಅಂತ ಎಸ್‌ಬಿಎಆರ್ ಕ್ರಮದಲ್ಲಿ ಟೈಪ್ ಮಾಡಬೇಕು. ಎಲ್ಲ ಆದ ಮೇಲೆ ಆ ಡಾಕ್ಟರ್ ಒಂದೇ ಪ್ರಶ್ನೆ ಕೇಳುತ್ತಾರೆ: "ಉಸಿರಾಟ ಎಷ್ಟಿದೆ?"

ಶುರುವಿನಲ್ಲಿ ಆ ಡಬ್ಬಿಗಳಲ್ಲಿ "ಗೊತ್ತಿಲ್ಲ", "ಪುಸ್ತಕದಲ್ಲಿ ಹಾಗಿದೆ" ಅಂತಲೇ ಇರುತ್ತಿತ್ತು. ಮೊನ್ನೆ ಒಂದು ಜೋಡಿ ಬರೆದದ್ದು ಹೀಗಿತ್ತು: "ಬಿಪಿ ಸರಿ ಇದೆ ಅಂತ ನಂಬಬಾರದು, ಅದು ಬೀಳೋದು ಕೊನೆಗೆ. ಎಣಿಸ್ತಾ ಇದ್ದೀವಿ, ಮಾತಾಡಿಸಬೇಡಿ."