ಪುಗ್ಗಾ ತೋಳಿನ ಹಳೇ ಜಂಪರ್: ತುಂಬಿದ ಮೈಗೆ ಕೂಡುವಂತೆ

ಜಂಪರ್ (ಸೀರೆಯ ರವಿಕೆ) ಎದೆಗೆ ಬಿಗಿ, ಹೆಗಲಿಂದ ಮಾತ್ರ ಜಾರುತ್ತದೆ. ದಪ್ಪ ಮೈಯವರ ದೂರು ಬಹುಮಟ್ಟಿಗೆ ಇದೊಂದೇ. ಎದೆ 44 ಇಂಚು ಇದೆ ಅಂತ ಹೆಗಲು, ಬೆನ್ನು, ಕೊರಳು ಎಲ್ಲವನ್ನೂ 44ರ ಲೆಕ್ಕಕ್ಕೇ ಕತ್ತರಿಸಿದರೆ ಹೀಗಾಗುತ್ತದೆ. ಮೈ ತುಂಬಿದರೂ ಹೆಗಲಿನ ಎಲುಬು ಅಗಲವಾಗುವುದಿಲ್ಲ.

ಆದ್ದರಿಂದ ಎದೆಗೆ ಎರಡು ಅಳತೆ ಬೇಕು. ಟೇಪು ಬಗಲ ಕೆಳಗಿಂದ ಹಾದು ಎದೆಯ ಮೇಲ್ಭಾಗದಲ್ಲಿ ಬರುವುದು ಒಂದು, ತುಂಬಿದ ಜಾಗದ ಮೇಲೆ ಬರುವುದು ಇನ್ನೊಂದು. ಇಲ್ಲಿ ಮೇಲೆದೆ 40, ತುಂಬೆದೆ 44, ಎದೆಯ ಕೆಳಗೆ 38 ಅಂತ ಹಿಡಿಯೋಣ. ಜಂಪರಿನ ಜೊತೆ ಯಾವ ಬ್ರಾ ಹಾಕುತ್ತಾರೋ ಅದನ್ನೇ ಹಾಕಿಸಿ ಅಳೆಯಬೇಕು. 1950-60ರ ದಶಕದ ಜಂಪರಿನಲ್ಲಿ ಟಕ್ಸ್ (ಎದೆಯ ಆಕಾರಕ್ಕೆ ಹಿಡಿದು ಹೊಲಿಯುವ ಮಡಿಕೆ) ಚೂಪಾಗಿರುತ್ತಿತ್ತು, ಆಗಿನ ಬ್ರಾ ಆಕಾರವೇ ಹಾಗಿತ್ತು. ಈಗಿನ ಮೆತ್ತನೆ ಬ್ರಾ ಮೇಲೆ ಆ ಟಕ್ಸ್ ಹಾಕಿದರೆ ತುದಿಯಲ್ಲಿ ಗಾಳಿ ತುಂಬಿದ ಹಾಗೆ ಖಾಲಿ ಉಬ್ಬು ನಿಲ್ಲುತ್ತದೆ. ಹಳೇ ಛಾಯೆ ತೋಳು, ಕೊರಳು, ಉದ್ದದಲ್ಲಿ ಬರಲಿ. ಟಕ್ಸ್ ಇವತ್ತಿನ ಮೈಗೆ ಇರಲಿ.

ಬಟ್ಟೆ 36 ಇಂಚು ಪನ್ನಾ (ಅಗಲ) ಇದ್ದರೆ ಒಂದೂವರೆ ಮೀಟರ್ ತಗೊಳ್ಳಿ. ಸೀರೆ ಜೊತೆ ಬರುವ 80 ಸೆಂ.ಮೀ. ತುಂಡಿನಲ್ಲಿ ಪುಗ್ಗಾ (ನೆರಿಗೆ ಹಿಡಿದು ಉಬ್ಬಿಸಿದ) ತೋಳು ಹೊರಡುವುದು ಕಷ್ಟ. ಕಾಟನ್ನಾಗಲಿ ಟೂ ಬೈ ಟೂ ರುಬಿಯಾ (ರವಿಕೆಗೆ ಬಳಸುವ ನಯ ಬಟ್ಟೆ) ಆಗಲಿ, ಅಸ್ತರದ ಮಲ್ ಬಟ್ಟೆ ಸಮೇತ ರಾತ್ರಿ ನೀರಿಗೆ ಹಾಕಿ ಬೆಳಗ್ಗೆ ನೆರಳಲ್ಲಿ ಒಣಗಿಸಿ. ನೆನೆಸದ ಅಸ್ತರ ಮೊದಲ ಒಗೆತಕ್ಕೇ ಕುಗ್ಗಿ ಮೇಲಿನ ಬಟ್ಟೆಯನ್ನು ಸುಕ್ಕು ಮಾಡುತ್ತದೆ. ಕಲಬುರಗಿಯ ಬೇಸಿಗೆಗೆ ಪಾಲಿಯೆಸ್ಟರ್ ಅಸ್ತರ ಬೇಡವೇ ಬೇಡ. ತೋಳಿಗೆ ಅಸ್ತರವೇ ಬೇಕಾಗಿಲ್ಲ.

ಈಗ ಖಾಕಿ ಪೇಪರ್ ಕೆಲಸ. ಹಿಂಭಾಗ, ಮುಂಭಾಗ ಎರಡನ್ನೂ 40ರ ಲೆಕ್ಕಕ್ಕೇ ಬರೆಯಿರಿ: ಕಾಲುಭಾಗ 10, ಸಡಿಲಕ್ಕೆ ಕಾಲು ಇಂಚು, ಒಟ್ಟು 10¼. ಹಿಂಭಾಗ ಅಷ್ಟಕ್ಕೇ ಮುಗಿಯಿತು. ಮುಂಭಾಗಕ್ಕೆ ಉಳಿದ 4 ಇಂಚು ಸೇರಬೇಕು, ಅಂದರೆ ಒಂದೊಂದು ಪಾಲಿಗೆ 2. ಇದನ್ನು ಪಕ್ಕದ ಹೊಲಿಗೆಗೆ ಸೇರಿಸಿದರೆ ಬಟ್ಟೆ ಬಗಲಲ್ಲಿ ಮುದ್ದೆಯಾಗುತ್ತದೆ, ಬೇಕಾದ ಜಾಗಕ್ಕೆ ಬರುವುದಿಲ್ಲ.

ಪೇಪರಿನ ಮೇಲೆ ಎದೆಯ ಪಾಯಿಂಟ್ (ಎದೆಯ ತುದಿ ಬರುವ ಜಾಗ) ಗುರುತಿಸಿ. ಕೆಳ ಅಂಚಿನಿಂದ ನೆಟ್ಟಗೆ ಪಾಯಿಂಟಿನವರೆಗೆ, ಅಲ್ಲಿಂದ ಓರೆಯಾಗಿ ಬಗಲ ತಿರುವಿನವರೆಗೆ ಒಂದು ಗೆರೆ. ಪಕ್ಕದ ಹೊಲಿಗೆಯಿಂದ ಪಾಯಿಂಟಿಗೆ ಇನ್ನೊಂದು. ಮೊದಲನೆಯದನ್ನು ಕತ್ತರಿಸುತ್ತ ಹೋಗಿ ಬಗಲ ಅಂಚಿನಲ್ಲಿ ನೂಲೆಳೆಯಷ್ಟು ಪೇಪರ್ ಉಳಿಸಿ. ಎರಡನೆಯದರಲ್ಲಿ ಪಾಯಿಂಟಿನ ಹತ್ತಿರ ಅಷ್ಟೇ ಉಳಿಸಿ. ಈಗ ಪಾಯಿಂಟಿನ ಮಟ್ಟದಲ್ಲಿ 2 ಇಂಚು ಅಗಲಿಸಿ. ಪಕ್ಕದಲ್ಲಿ ಟಕ್ಸಿನ ಬಾಯಿ ತಾನಾಗೇ ತೆರೆಯುತ್ತದೆ, ಪಕ್ಕದ ತುಂಡು ಕೆಳಗಿಳಿಯುತ್ತದೆ. ಹುಕ್ಕು ಪಟ್ಟಿ ಕಡೆಯ ತುಂಡನ್ನು ಪಾಯಿಂಟಿನ ಕೆಳಗೆ ಅಡ್ಡ ಕತ್ತರಿಸಿ ಅಷ್ಟೇ ಇಳಿಸಿ, ಅಂಚು ಸಮ ಮಾಡಿ. ಅಗಲದ ಜೊತೆ ಉದ್ದವೂ ಸಿಕ್ಕಿತು. ಈ ಉದ್ದ ಸಿಗದ ಜಂಪರೇ ಮುಂದೆ ಮೇಲಕ್ಕೆ ಎಳೆದು, ಸೀರೆ ನೆರಿಗೆಯ ಮೇಲೆ ಹೊಟ್ಟೆ ಕಾಣುವಂತೆ ಮಾಡುವುದು.

ಮುಂಭಾಗ ಎದೆಯಲ್ಲಿ 12¼ ಆಯಿತು, ಕೆಳಗೆ ಬೇಕಾದದ್ದು 9¾ (38ರ ಕಾಲುಭಾಗ 9½, ಸಡಿಲಕ್ಕೆ ಕಾಲು). ನಡುವಿನ 2½ ಇಂಚನ್ನು ಒಂದೇ ಟಕ್ಸಿಗೆ ನುಂಗಿಸಿದರೆ ತುದಿ ಕೊಂಬಿನಂತೆ ನಿಲ್ಲುತ್ತದೆ. ಒಂದೂವರೆ, ಒಂದು ಅಂತ ಎರಡು ಮಾಡಿ. ಯಾವ ಟಕ್ಸೂ ಪಾಯಿಂಟ್ ಮುಟ್ಟಬಾರದು. ಒಂದೂವರೆ ಇಂಚು ಮೊದಲೇ ನಿಲ್ಲಲಿ. ಕೊನೆಯ ಮೂರ್ನಾಲ್ಕು ಹೊಲಿಗೆ ಮಡಿಕೆಯ ಅಂಚಿನ ಮೇಲೇ ಓಡಿಸಿ, ದಾರ ಕೈಯಲ್ಲಿ ಗಂಟು ಹಾಕಿ. ಅಲ್ಲಿ ಮಷೀನ್ ಹಿಂದೆ-ಮುಂದೆ ಮಾಡಿದರೆ ಗುಳಿ ಬೀಳುತ್ತದೆ.

ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮುಂಚೆ ಹಳೇ ಧೋತರದಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡಿ. ಸುಕ್ಕೇ ಹೇಳುತ್ತದೆ. ಪಾಯಿಂಟಿನಿಂದ ಬಗಲಿಗೆ ಸುಕ್ಕಿನ ಗೆರೆ ಎದ್ದರೆ ಎದೆಗೆ ಬಟ್ಟೆ ಇನ್ನೂ ಸಾಲದು. ಬೆನ್ನಲ್ಲಿ ಬ್ರಾ ಪಟ್ಟಿಯ ಮೇಲೆ ಅಡ್ಡ ಮಡಿಕೆ ಬಿದ್ದರೆ ಬೆನ್ನಿನ ಉದ್ದ ಹೆಚ್ಚಾಗಿದೆ, ಅಥವಾ ಕೆಳಗಿನ ಸುತ್ತಳತೆ ಬಿಗಿಯಾಗಿ ಬಟ್ಟೆ ಮೇಲೇರಿದೆ. ಕೊರಳು ಮುಂದೆ ಬಾಯಿ ಬಿಟ್ಟರೆ ಪೇಪರಿನಲ್ಲೇ ಕೊರಳಿಂದ ಪಾಯಿಂಟಿನ ಕಡೆಗೆ ಕಾಲು ಇಂಚು ಮಡಚಿ ತೆಗೆಯಿರಿ. ಪೈಪಿಂಗ್ ಎಳೆದು ಹಚ್ಚಿ ಸರಿಮಾಡಲು ಹೋದರೆ ಕೊರಳು ಸುರುಳುತ್ತದೆ.

ಬಗಲದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬಿಗಿ ಅಂತ ಕಂಡ ಕೂಡಲೇ ಬಗಲ ಕೆಳಗೆ ಕತ್ತರಿಸಿ ಆಳ ಮಾಡುತ್ತಾರೆ. ಆಳವಾದಷ್ಟೂ ಕೈ ಎತ್ತಿದಾಗ ಇಡೀ ಜಂಪರ್ ಮೇಲೇರುತ್ತದೆ. ಬಗಲಿಗಿಂತ ಮುಕ್ಕಾಲು ಇಂಚು ಕೆಳಗೆ ಸಾಕು. ಆದರೂ ಹಿಡಿದರೆ 3 ಇಂಚಿನ ಚೌಕ ತುಂಡನ್ನು ಮೂಲೆ ಮೇಲೆ ಬರುವಂತೆ ಬಗಲಲ್ಲಿ ಕೂಡಿಸಿ. ಹಳೇ ಕುಬಸಗಳಲ್ಲೂ ಇದೇ ಉಪಾಯ.

ತೋಳು 9 ಇಂಚು ಉದ್ದ. ರಟ್ಟೆ ಸುತ್ತು 15½ ಇದ್ದರೆ ಸಡಿಲಕ್ಕೆ ಒಂದೂವರೆ, ನೆರಿಗೆಗೆ 4, ಒಟ್ಟು 21. ತೆಳ್ಳನೆಯವರಿಗೆ ನೆರಿಗೆಗೆ 8 ಇಂಚು ಇಟ್ಟರೂ ಚೆಂದ, ತುಂಬಿದ ರಟ್ಟೆಗೆ ಅದು ಹೊರೆ. ಅಗಲ ಕಡಿಮೆ ಮಾಡಿ, ತೋಳಿನ ತಲೆಯನ್ನು ಒಂದೂವರೆ ಇಂಚು ಎತ್ತರಿಸಿ. ಪುಗ್ಗಾ ಪಕ್ಕಕ್ಕೆ ಹರಡದೆ ಮೇಲೆ ನಿಲ್ಲುತ್ತದೆ. ಹೊಲಿಗೆ ಉದ್ದ ಮಾಡಿ ಅಂಚಿಗೆ ಸಮನಾಗಿ ಎರಡು ಸಾಲು ಓಡಿಸಿ, ಎರಡರ ಬಾಬಿನ್ (ಕೆಳಗಿನ) ದಾರವನ್ನೂ ಒಟ್ಟಿಗೆ ಎಳೆಯಿರಿ. ಒಂದೇ ಸಾಲಾದರೆ ನೆರಿಗೆ ಮಗುಚಿಕೊಳ್ಳುತ್ತದೆ. ನೆರಿಗೆಯೆಲ್ಲ ಹೆಗಲ ಹೊಲಿಗೆಯ ಎಡಬಲ ಮೂರು ಮೂರು ಇಂಚಿನೊಳಗೆ ಇರಲಿ, ಬಗಲ ಕಡೆ ಬರಲೇಬಾರದು. ಕೆಳಪಟ್ಟಿಗೆ ಗುಳೇದಗುಡ್ಡದ ಖಣದ ಅಂಚು ಹಾಕಿದರೆ ಬೇರೆ ಅಲಂಕಾರ ಬೇಡ. ಪಟ್ಟಿಯ ಅಳತೆಯನ್ನು ಕೈ ಮಡಚಿಸಿ ತಗೊಂಡು ಅದಕ್ಕೆ ಮುಕ್ಕಾಲು ಇಂಚು ಸೇರಿಸಿ. ರಟ್ಟೆಯ ಅತಿ ದಪ್ಪ ಜಾಗದಲ್ಲಿ ಪಟ್ಟಿ ಕೂತರೆ ಮಾಂಸ ಕಚ್ಚುತ್ತದೆ, ತೋಳಿನ ಉದ್ದ ಒಂದು ಇಂಚು ಹೆಚ್ಚುಕಡಿಮೆ ಮಾಡಿ ತಪ್ಪಿಸಿ.

ಹುಕ್ಕುಗಳನ್ನು ಮೇಲಿಂದ ಎಣಿಸಿ ಹಚ್ಚಬೇಡಿ. ಮೊದಲ ಹುಕ್ಕು ಪಾಯಿಂಟಿನ ಮಟ್ಟದಲ್ಲೇ ಹಾಕಿ, ಅಲ್ಲಿಂದ ಮೇಲೆ-ಕೆಳಗೆ ಒಂದೂಕಾಲು ಇಂಚಿಗೊಂದು. ಪಕ್ಕದಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಟ್ಟು, ಕಾಲು ಇಂಚು ಅಂತರದಲ್ಲಿ ಮೂರು ಸಾಲು ಹೊಲಿಗೆ ಓಡಿಸಿ. ಒಳಸಾಲು ಒಂದು ಬಿಚ್ಚಿದರೆ ಸುತ್ತಿಗೆ ಒಂದು ಇಂಚು ಸಡಿಲ.